ವೇಗ ಯಾರದು, ಬೆವರು ಯಾರದು

ಶಿಷ್ಯೆ ಶಹಾಪುರದಲ್ಲಿ ಮದುವೆ ವಿಡಿಯೋ, ಆಲ್ಬಮ್ಮಿನ ಸ್ಟುಡಿಯೋ ನಡೆಸುತ್ತಾಳೆ. ಮಾಸ್ತರರು ಯಾದಗಿರಿಯಲ್ಲಿ ವರ್ಷಗಟ್ಟಲೆ ಕಂಪ್ಯೂಟರ್ ಕಲಿಸಿ, ರಿಪೇರಿ ಮಾಡಿ, ಈಗ ಸುರಪುರದ ಮನೆಯಲ್ಲಿದ್ದಾರೆ.

ಶಿಷ್ಯೆ: ಸರ, ಎರಡು ಕೊಟೇಶನ್ ತಂದೀನ್ರಿ. ಒಂದು ಸೆಕೆಂಡ್ ಹ್ಯಾಂಡ್ ಸರ್ವರ್, ಅದರಾಗ ನಾಕಾರು ಡಿಸ್ಕ್ ಕೂಡಿಸಿ ಒಂದಾಗಿ ನಡಸೋ ರೇಡ್ ಕಾರ್ಡ್ ಅದ. ಇನ್ನೊಂದು ಹೊಸ ಸಾದಾ ಮಷೀನ್, ಡಿಸ್ಕ್ ಸೀದಾ ಮದರ್‌ಬೋರ್ಡಿಗೇ ಹಚ್ಚೋದು. ಎರಡರಾಗೂ 6 ಗಿಗಾಬಿಟ್ ಅಂತೇ ಬರದಾರ. ಆದ್ರ ಕಾರ್ಡ್ ಇದ್ದದ್ದೇ ಫಾಸ್ಟ್ ಅಂತ ಮಾರಾವ ಹೇಳ್ತಾನ್ರಿ.

ಮಾಸ್ತರ: ಡಿಸ್ಕ್ ಯಾವುವು?

ಶಿಷ್ಯೆ: ಎರಡಕ್ಕೂ ಅವೇ ರಿ. ಮಿನಿಟಿಗೆ 7,200 ಸುತ್ತು ತಿರುಗೋವು, 4 ಟೆರಾಬೈಟಿನವು, ನಾಕು.

ಮಾಸ್ತರ: ಹಂಗಾದ್ರ ಆ 6 ಗಿಗಾಬಿಟ್ ಮರತುಬಿಡು. ಅದು ದಾರಿಯ ಅಗಲ ಅಷ್ಟೇ. ಈ ಡಿಸ್ಕ್ ಹಚ್ಚೋ ಸಾಟಾ ದಾರ್ಯಾಗ 8 ಬಿಟ್ ಡೇಟಾ ಕಳಸಬೇಕಂದ್ರ ತಂತಿ ಮ್ಯಾಲ 10 ಬಿಟ್ ಹೋಗ್ತಾವ, ಅದಕ್ಕ 6 ಗಿಗಾಬಿಟ್ ಅಂದ್ರ ಸೆಕೆಂಡಿಗೆ 600 ಮೆಗಾಬೈಟ್. ಇಂಥ ತಿರುಗೋ ಡಿಸ್ಕ್ ಹೊರಗಿನ ಸುತ್ತಿನ್ಯಾಗ ಸಾಮಾನ್ಯ 150ರಿಂದ 200 ಮೆಗಾಬೈಟ್ ಕೊಡ್ತದ. ಒಳಗಿನ ಸುತ್ತಿಗೆ ಬಂದ್ರ ಹೆಚ್ಚುಕಡಿಮಿ ಅದರ ಅರ್ಧ. ಒಂದೊಂದೇ ಡಿಸ್ಕ್ ಹಿಡದು ನೋಡಿದ್ರ ಎರಡೂ ಮಷೀನಿನ್ಯಾಗ ಒಂದೇ ಅಂಕಿ ಬರ್ತದ.

ಶಿಷ್ಯೆ: ಮತ್ತ ಕಂಟ್ರೋಲರ್ ಕಂಟ್ರೋಲರಿಗೂ ಫರಕ ಇಲ್ಲೇನ್ರಿ?

ಮಾಸ್ತರ: ಅದ. ಆದ್ರ ಆ ಫರಕ ಮೆಗಾಬೈಟಿನ್ಯಾಗ ಕಾಣಾಂಗಿಲ್ಲ. ಎಷ್ಟು ಜಲ್ದಿ ಬಂತು ಅನ್ನೋದು ಒಂದು ಪ್ರಶ್ನಿ. ಅದನ್ನ ತರ್ಲಿಕ್ಕೆ ಪ್ರೊಸೆಸರ್ ಎಷ್ಟು ಹೊತ್ತು ಕೊಟ್ಟಿತು ಅನ್ನೋದು ಎರಡನೇದು. ಎರಡನೇದು ಯಾರೂ ಕೇಳಂಗಿಲ್ಲ, ಡಬ್ಬಿ ಮ್ಯಾಲ ಅದನ್ನ ಬರಿಯಂಗೂ ಇಲ್ಲ.

ಶಿಷ್ಯೆ: ಡಿಸ್ಕಿನ ಕೆಲಸಕ್ಕ ಪ್ರೊಸೆಸರ್ ಯಾಕ ಹೊತ್ತು ಕೊಡಬೇಕ್ರಿ?

ಮಾಸ್ತರ: ಐಡಿಇ ಡಿಸ್ಕಿನ ಕಾಲಕ್ಕ ಹೋಗೋಣು. ಆವಾಗ ಡೇಟಾ ತರೋ ರೀತಿ ಎರಡು. ಒಂದಕ್ಕ ಪಿಐಓ ಅಂತಿದ್ವಿ. ಅದರಾಗ ಪ್ರೊಸೆಸರ್ ತಾನೇ ಡಿಸ್ಕಿನ ಪೋರ್ಟಿಗೆ ಹೋಗಿ, ಒಂದು ಸಲಕ್ಕ 2 ಬೈಟಿನಂಗ ಓದಿ, ಮೆಮೊರಿಗೆ ತಂದು ಇಡಬೇಕು. ಇನ್ನೊಂದು ಡಿಎಂಎ. ಅದರಾಗ ಪ್ರೊಸೆಸರ್ ‘ಇಷ್ಟು ಡೇಟಾ, ಮೆಮೊರಿಯ ಈ ಜಾಗಕ್ಕ’ ಅಂತ ಕಂಟ್ರೋಲರಿಗೆ ಹೇಳಿ ತನ್ನ ಕೆಲಸಕ್ಕ ಹೋಗ್ತದ. ಎಲ್ಲಾ ಮುಗದ ಮ್ಯಾಲ ಕಂಟ್ರೋಲರ್ ಒಂದು ಇಂಟರಪ್ಟ್ ಕಳಸ್ತದ. ಗಂಜಿನಾಗ ನೋಡೀಯಲ್ಲ, ಅಡತಿ ಸಾಹುಕಾರ ತಾನೇ ತೊಗರಿ ಚೀಲ ಹೊತ್ತರೂ ಲಾರಿ ತುಂಬ್ತದ, ಹಮಾಲರು ಹೊತ್ತರೂ ತುಂಬ್ತದ. ಆದ್ರ ಸಾಹುಕಾರ ಚೀಲ ಹೊರೋತನಕ ಗಲ್ಲಾ ಮ್ಯಾಲ ಯಾರೂ ಇರಂಗಿಲ್ಲ.

ಶಿಷ್ಯೆ: ಡಿಎಂಎ ಆದ್ರ ಲಾರಿ ಜಲ್ದಿ ತುಂಬಬೇಕಲ್ರಿ?

ಮಾಸ್ತರ: ಅಲ್ಲೇ ಮಜಾ ಇರೋದು. ಪಿಐಓ ಮೋಡ್ 4ರಾಗ 2 ಬೈಟಿಗೆ 120 ನ್ಯಾನೋಸೆಕೆಂಡ್ ಬೇಕು. ಲೆಕ್ಕ ಹಾಕಿದ್ರ ಸೆಕೆಂಡಿಗೆ 16.6 ಮೆಗಾಬೈಟ್. ಮಲ್ಟಿವರ್ಡ್ ಡಿಎಂಎ ಮೋಡ್ 2ರಾಗೂ 2 ಬೈಟಿಗೆ ಅದೇ 120 ನ್ಯಾನೋಸೆಕೆಂಡ್, ಅದೇ 16.6 ಮೆಗಾಬೈಟ್. ವೇಗದ ಚಾರ್ಟಿನ್ಯಾಗ ಎರಡೂ ಸಮಾ. ಆದ್ರ ಪಿಐಓದಾಗ 1 ಮೆಗಾಬೈಟ್ ತರಬೇಕಂದ್ರ ಪ್ರೊಸೆಸರ್ 5,24,288 ಸಲ ಪೋರ್ಟ್ ಓದಬೇಕು. ಡಿಎಂಎದಾಗ ಒಂದು ಆಜ್ಞಾ ಕೊಟ್ಟು, ಒಂದು ಇಂಟರಪ್ಟ್ ತಗೊಂಡ್ರ ಹಲವು ಸೆಕ್ಟರ್ ಕೂಡೇ ಬಂದುಬಿಡ್ತಾವ.

ಶಿಷ್ಯೆ: ಪ್ರೊಸೆಸರ್ ಇನ್ನೂ ಜೋರಿಂದು ಹಾಕಿದ್ರ?

ಮಾಸ್ತರ: ನಷ್ಟ ಇನ್ನೂ ಹೆಚ್ಚಾಗ್ತದ! ಆ 120 ನ್ಯಾನೋಸೆಕೆಂಡ್ ಡಿಸ್ಕಿನ ಕಡಿಯ ನಿಯಮ, ಪ್ರೊಸೆಸರ್ ಅದನ್ನ ತಗ್ಗಸ್ಲಿಕ್ಕೆ ಬರಂಗಿಲ್ಲ. 1 ಗಿಗಾಹರ್ಟ್ಸಿಂದಾದ್ರ ಅಷ್ಟರಾಗ 120 ಟಿಕ್ ಹಾಳು, 3 ಗಿಗಾಹರ್ಟ್ಸಿಂದಾದ್ರ 360 ಟಿಕ್. ಜಾಸ್ತಿ ರೊಕ್ಕ ಕೊಟ್ಟು ತಂದ ಪ್ರೊಸೆಸರ್ ಜಾಸ್ತಿ ಹೊತ್ತು ಸುಮ್ನ ನಿಲ್ತದ.

ಶಿಷ್ಯೆ: ಇದೆಲ್ಲಾ ಪುಸ್ತಕದ ಮಾತೋ, ಕಣ್ಣಿಗೆ ಕಂಡದ್ದೋ?

ಮಾಸ್ತರ: ಕಂಡದ್ದು. ವಿಂಡೋಸ್ ಎಕ್ಸ್‌ಪಿ ಕಾಲದಾಗ ಯಾದಗಿರಿಯ ಒಂದು ಆಫೀಸಿನಿಂದ ಮಷೀನ್ ಬಂದಿತ್ತು. ಭಾಳ ಸ್ಲೋ, ಫೈಲ್ ಕಾಪಿಗೆ ಹಾಕಿದ್ರ ಮೌಸ್ ಸೈತ ತಡದು ತಡದು ಹೋಗ್ತಿತ್ತು. ವೈರಸ್ ಅಂತ ಫಾರ್ಮ್ಯಾಟ್ ಮಾಡಿಸಿದ್ರು, ರ‍್ಯಾಮ್ ಹಾಕಿಸಿದ್ರು, ಏನೂ ಆಗ್ಲಿಲ್ಲ. ನಾ ಟಾಸ್ಕ್ ಮ್ಯಾನೇಜರ್ ತಗದು, ವ್ಯೂ ಮೆನುದಾಗ ‘ಶೋ ಕರ್ನಲ್ ಟೈಮ್ಸ್’ ಹಚ್ಚಿದೆ. ಅದನ್ನ ಹಚ್ಚಿದ್ರ ಹಸಿರು ಗೆರಿ ಕೂಡ ಒಂದು ಕೆಂಪು ಗೆರಿ ಬರ್ತದ. ಹಸಿರು ಒಟ್ಟು ಕೆಲಸ, ಕೆಂಪು ವಿಂಡೋಸ್ ಒಳಗಿನ ಕೆಲಸ. ಕಾಪಿ ನಡದಾಗ ಕೆಂಪು ಗೆರಿ ಹಸಿರು ಗೆರಿಗೆ ಅಂಟಿಕೊಂಡು ಮ್ಯಾಲ ಹೋಗಿ ನಿಂತಿತ್ತು. ಅಂದ್ರ ಪ್ರೊಸೆಸರ್ ಮಾಡೋ ಕೆಲಸೆಲ್ಲಾ ಒಳಗಿಂದೇ, ಬಳಸವರಿಗೆ ಏನೂ ಉಳದಿಲ್ಲ. ಡಿವೈಸ್ ಮ್ಯಾನೇಜರಿಗೆ ಹೋಗಿ ಪ್ರೈಮರಿ ಐಡಿಇ ಚಾನೆಲ್ ನೋಡಿದ್ರ, ಅಲ್ಲಿ ‘ಪಿಐಓ’ ಅಂತ ಇತ್ತು.

ಶಿಷ್ಯೆ: ಡಿಎಂಎ ಇದ್ದದ್ದನ್ನ ಪಿಐಓ ಮಾಡಿದವರು ಯಾರ್ರಿ?

ಮಾಸ್ತರ: ವಿಂಡೋಸೇ. ಡಿಸ್ಕಿನ ಕೂಡ ಮಾತಾಡುವಾಗ ಟೈಮ್‌ಔಟ್, ಸಿಆರ್‌ಸಿ ತಪ್ಪು (ಅಂದ್ರ ಡೇಟಾ ದಾರ್ಯಾಗ ಕೆಟ್ಟದ್ದು) ಒಟ್ಟು ಆರು ಆದ್ವಂದ್ರ ಅದು ವೇಗ ಒಂದು ಮೆಟ್ಟಲಾ ಕೆಳಗ ಇಳಸ್ತಿತ್ತು. ತಪ್ಪು ನಿಲ್ಲದಿದ್ರ ಇಳಸ್ತಾ ಇಳಸ್ತಾ ಕಡಿಗೆ ಪಿಐಓಗೆ ತಂದು ಬಿಡ್ತಿತ್ತು. ಯಾರಿಗೂ ಒಂದು ಮಾತ್ ಹೇಳ್ತಿದ್ದಿಲ್ಲ. ಡಬ್ಬಿ ಬಿಚ್ಚಿದ್ರ ಒಳಗ ಧೂಳು, ಕೇಬಲ್ ಸಡಲಾಗಿತ್ತು, ಅದೂ ಹಳೆ 40 ತಂತೀದು. ಅಲ್ಟ್ರಾ ಡಿಎಂಎ 66ರಿಂದ ಮ್ಯಾಲಿನದಕ್ಕ 80 ತಂತೀದು ಬೇಕು. ಪಿನ್ ಅವೇ 40, ಉಳದ 40 ತಂತಿ ಗ್ರೌಂಡಿಂದು, ನಡುನಡುವ ನಿಂತು ಒಂದರ ಸದ್ದು ಇನ್ನೊಂದಕ್ಕ ಹತ್ತದಂಗ ನೋಡ್ಕೊಳ್ತಾವ. ಕೇಬಲ್ ಬದಲ ಮಾಡಿ, ಚಾನೆಲ್ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಟ್ಟೆ. ವಿಂಡೋಸ್ ಹೊಸದಾಗಿ ಗುರುತ ಹಿಡದು ಡಿಎಂಎಗೆ ಬಂತು.

ಶಿಷ್ಯೆ: ಈಗಿನ ಮಷೀನಿಗೆ ಈ ತ್ರಾಸ ಇಲ್ಲಲ್ರಿ.

ಮಾಸ್ತರ: ಪಿಐಓದ ತ್ರಾಸ ಹೋತು, ಕೇಬಲ್ಲಿಂದು ಹೋಗಿಲ್ಲ. ಡಿಸ್ಕ್ ತನ್ನ ಆರೋಗ್ಯದ್ದು ತಾನೇ ಇಡೋ ಸ್ಮಾರ್ಟ್ ವರದಿ ತಗದು ನೋಡು, 199ನೇ ಸಾಲಿನ್ಯಾಗ ಸಿಆರ್‌ಸಿ ತಪ್ಪಿನ ಲೆಕ್ಕ ಇರ್ತದ. ಅದು ದಿನಾ ಏರ್ಲಿಕತ್ತಿದ್ರ ಡಿಸ್ಕಿಗೆ ಬೈಬ್ಯಾಡ, ಮೊದಲು ಕೇಬಲ್ ಬದಲ ಮಾಡು.

ಶಿಷ್ಯೆ: ಆತ್ರಿ. ಆದ್ರ ಆ ಕಾಲದಾಗೇ ದೊಡ್ಡ ಆಫೀಸಿನವರು ಸ್ಕಸಿ ಡಿಸ್ಕಿಗೆ ಎಷ್ಟೊಂದು ರೊಕ್ಕ ಸುರೀತಿದ್ರಲ್ಲ, ಯಾಕ?

ಮಾಸ್ತರ: ಅವರ ಕೆಲಸದ ನಮೂನಿ ಬ್ಯಾರೆ. ನಮ್ಮ ಕಡಿಂದೇ ಒಂದು ಹೇಳ್ತೀನಿ. ಕರ್ನಾಟಕದಾಗ ಭೂಮಿ ದಾಖಲಿ ಕಂಪ್ಯೂಟರಿಗೆ ಹಾಕೋ ಮೊದಲ ಪ್ರಯೋಗ 1991ರಾಗ ಗುಲಬರ್ಗಾ ಜಿಲ್ಲಾದಾಗ ಸುರುವಾತು, ಕೇಂದ್ರ ಸರ್ಕಾರದ ಪೂರಾ ರೊಕ್ಕದಾಗ. ಯಾದಗಿರಿ, ಶಹಾಪುರ, ಸುರಪುರ ಮೂರೂ ಆವಾಗ ಅದೇ ಜಿಲ್ಲಾದ ತಾಲೂಕು. ಯಾದಗಿರಿ ಬ್ಯಾರೆ ಜಿಲ್ಲಾ ಆದದ್ದು 2009ರ ಡಿಸೆಂಬರ್ 30ಕ್ಕ. ಮುಂದ ಅದೇ ಕೆಲಸ ರಾಜ್ಯಕ್ಕೆಲ್ಲಾ ಹಬ್ಬಿ ‘ಭೂಮಿ’ ಯೋಜನಾ ಆತು. 67 ಲಕ್ಷ ರೈತರದು ಸುಮಾರು 2 ಕೋಟಿ ಪಹಣಿ, ಆವಾಗ ತಾಲೂಕಿನ ಕೌಂಟರಿನ್ಯಾಗ 15 ರೂಪಾಯಿಗೆ ಒಂದು ಪ್ರತಿ ಸಿಗ್ತಿತ್ತು, ರೈತಗ ಕಾಣಂಗ ಎರಡನೇ ಪರದಿ ಇಟ್ಟಿದ್ರು.

ಶಿಷ್ಯೆ: ಅದಕ್ಕೂ ಡಿಸ್ಕಿಗೂ ಏನ್ ಸಂಬಂಧ ರಿ?

ಮಾಸ್ತರ: ಒಂದು ಪಹಣಿ ಅಂದ್ರ ಎಷ್ಟು ಡೇಟಾ? ನಾಕಾರು ಕಿಲೋಬೈಟ್. ಆದ್ರ ಈ ರೈತಂದು ಡಿಸ್ಕಿನ ಒಂದು ಮೂಲ್ಯಾಗ, ಮುಂದಿನವಂದು ಇನ್ನೊಂದು ಮೂಲ್ಯಾಗ. 7,200 ಸುತ್ತಿನ ಡಿಸ್ಕಿಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಜಾಗ ಕೆಳಗ ಬರೋತನಕ ಸರಾಸರಿ ಅರ್ಧ ಸುತ್ತು, 4.2. ಹೆಡ್ ಅತ್ತಿತ್ತ ಸರೀಲಿಕ್ಕೆ ಇನ್ನೊಂದು 8, 9. ಒಟ್ಟು 12, 13 ಮಿಲಿಸೆಕೆಂಡ್, ಅಂದ್ರ ಸೆಕೆಂಡಿಗೆ 75, 80 ಬೇಡಿಕಿ ತೀರ್ತಾವ. ಒಂದೊಂದು 4 ಕಿಲೋಬೈಟ್ ಹಿಡದ್ರ ಸೆಕೆಂಡಿಗೆ 300ರಿಂದ 320 ಕಿಲೋಬೈಟ್ ಅಷ್ಟೇ.

ಶಿಷ್ಯೆ: ಅಷ್ಟೇ ಏನ್ರಿ! ಪ್ರೊಸೆಸರಿಗೆ?

ಮಾಸ್ತರ: ಒಂದು ಬೇಡಿಕಿಗೆ ಪ್ರೊಸೆಸರಿನ 50 ಮೈಕ್ರೋಸೆಕೆಂಡ್ ಹೋತು ಅಂತ ಹಿಡಿ. 80 ಬೇಡಿಕಿಗೆ 4 ಮಿಲಿಸೆಕೆಂಡ್. ನೂರಕ್ಕ ಅರ್ಧವೂ ಇಲ್ಲ. ಇಂಥ ಕೆಲಸದಾಗ ಕಂಟ್ರೋಲರ್ ಪ್ರೊಸೆಸರಿನ ಹೊರಿ ಇಳಸ್ತದ ಅಂತ ಮೆರೆಯೋದ್ರಾಗ ಅರ್ಥ ಇಲ್ಲ, ಹೊರೀನೇ ಇಲ್ಲಲ್ಲ. ಸ್ಕಸಿದಾಗ ಬೆಲಿ ಇದ್ದದ್ದು ಸರದಿಗೆ. ಹತ್ತಾರು ಬೇಡಿಕಿ ಕೂಡೇ ಡಿಸ್ಕಿಗೆ ಕೊಟ್ರ, ಅದು ಹೆಡ್ ಎಲ್ಲದ ನೋಡಿ ಹತ್ತರದ್ದನ್ನ ಮೊದಲು ತೀರಿಸ್ತದ. ಆಮ್ಯಾಲ ಸಾಟಾಕ್ಕೂ ಎನ್‌ಸಿಕ್ಯೂ ಅಂತ ಅದೇ ಬಂತು, 32 ಬೇಡಿಕಿ ತನಕ.

ಶಿಷ್ಯೆ: ಮುಂದ ನಿಂತವನ್ನ ಬಿಟ್ಟು ಹಿಂದಿನವನ್ನ ಕರಿಯೋದು ಅನ್ಯಾಯ ಅಲ್ಲೇನ್ರಿ?

ಮಾಸ್ತರ: ಮಂದಿಗಾದ್ರ ಅನ್ಯಾಯ. ಅದಕ್ಕೇ ಭೂಮಿದಾಗ ಮುಟೇಶನ್ ಅರ್ಜಿ ಬಂದ ಸರದಿ ಪ್ರಕಾರನೇ ತೀರಬೇಕು ಅಂತ ಸಾಫ್ಟ್‌ವೇರಿನ್ಯಾಗೇ ನಿಯಮ ಹಾಕಿದ್ರು. ಯಾರ ಕೈ ಬೆಚ್ಚಗ ಮಾಡಿದ್ರೂ ಹಿಂದಿನ ಅರ್ಜಿ ಮುಂದ ಬರಬಾರದು. ಅದೇ ಅರ್ಜಿ ಡಿಸ್ಕಿಗೆ ಹೋದಾಗ ಸರದಿ ಮುರದ್ರನೇ ಎಲ್ಲಾರಿಗೂ ಜಲ್ದಿ. ಮ್ಯಾಲ ನ್ಯಾಯದ ಸರದಿ, ಕೆಳಗ ಅನುಕೂಲದ ಸರದಿ. ಎರಡೂ ಒಂದೇ ಮಷೀನಿನ್ಯಾಗ ಇರ್ತಾವ. ಡೇಟಾಬೇಸಿಗೆ ‘ಇದು ಬರದ ಮ್ಯಾಲೇ ಅದು’ ಅನ್ನೋ ಜಾಗ ಬಂದಾಗ ಮಾತ್ರ ಅದು ಡಿಸ್ಕಿಗೆ ಬಿಗಿಯಾಗಿ ಹೇಳ್ತದ, ಅಲ್ಲಿ ಸರದಿ ಮುರೀಲಿಕ್ಕಿಲ್ಲ.

ಶಿಷ್ಯೆ: ಸರಿ ರಿ, ಈಗ ರೇಡ್ ಕಾರ್ಡಿಗೆ ಬರ್ರಿ. ಒಂದು ಡಿಸ್ಕ್ ಸತ್ರ ಅದರ ಡೇಟಾ ಮತ್ತ ಕಟ್ಲಿಕ್ಕೆ ಬೇಕಾದ ಪ್ಯಾರಿಟಿ ಲೆಕ್ಕ ಅದು ತಾನೇ ಮಾಡ್ತದಂತ, ಪ್ರೊಸೆಸರಿಗೆ ಆರಾಮ ಅಂತ ಹೇಳ್ತಾನ.

ಮಾಸ್ತರ: ಒಂದು ಕಾಲಕ್ಕ ಅದು ಖರೇ ಮಾತು. 1988ರಾಗ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಮೂವರೂ ಕೂಡಿ ರೇಡ್ ಪೇಪರ್ ಬರದ್ರು. ಆಮ್ಯಾಲ ಬಂದ ಕಾರ್ಡಿನ್ಯಾಗ ಇಂಟೆಲ್ ಐ960 ಅಂಥ ಚಿಪ್ ಇರ್ತಿತ್ತು, ಪ್ಯಾರಿಟಿಗೆ ಬೇಕಾದ ಎಕ್ಸ್‌ಆರ್ ಲೆಕ್ಕ ಅದೇ ಮಾಡ್ತಿತ್ತು. ಮಷೀನಿನ ಪ್ರೊಸೆಸರ್ ಬಡವಿದ್ದಾಗ ಅದು ದೊಡ್ಡ ಉಪಕಾರ. ಈಗ ಸಾದಾ ಪ್ರೊಸೆಸರಿನ ಒಂದೇ ಕೋರ್ ಸೆಕೆಂಡಿಗೆ ಎಷ್ಟೋ ಗಿಗಾಬೈಟ್ ಎಕ್ಸ್‌ಆರ್ ಮಾಡಿ ಬಿಸಾಕ್ತದ. ಲಿನಕ್ಸ್ ಏಳುವಾಗ ನೋಡು, ಎರಡು ಮೂರು ಪದ್ಧತಿಯಾಗ ಲೆಕ್ಕ ಮಾಡಿ ನೋಡಿ ಯಾವುದು ಜೋರು ಅದನ್ನ ಆರಿಸ್ತದ, ಅಂಕಿ ಸೈತ ಬರದು ತೋರಿಸ್ತದ. ನಿನ್ನ ನಾಕು ಡಿಸ್ಕ್ ಕೂಡಿ ಕೊಟ್ಟರೂ 700, 800 ಮೆಗಾಬೈಟ್. ಅದರ ಎಕ್ಸ್‌ಆರ್ ಪ್ರೊಸೆಸರಿಗೆ ಗೊತ್ತೂ ಆಗಂಗಿಲ್ಲ. ಹತ್ತು ವರ್ಷ ಹಳೇ ಕಾರ್ಡಿನ ಚಿಪ್ಪೇ ಈಗ ಹಿಂದ ಬೀಳ್ತದ.

ಶಿಷ್ಯೆ: ಅಂದ್ರ ಕಾರ್ಡ್ ಬರೇ ಡೌಲು?

ಮಾಸ್ತರ: ಅಲ್ಲ. ರೇಡ್ 5ರಾಗ ಸಣ್ಣದೊಂದು ತುಂಡು ಬರಿಯಬೇಕಂದ್ರ ನಾಕು ಕೆಲಸ: ಹಳೇ ಡೇಟಾ ಓದು, ಹಳೇ ಪ್ಯಾರಿಟಿ ಓದು, ಹೊಸ ಡೇಟಾ ಬರಿ, ಹೊಸ ಪ್ಯಾರಿಟಿ ಬರಿ. ತಡ ಆಗೋದು ಎಕ್ಸ್‌ಆರ್‌ದಾಗಲ್ಲ, ಈ ನಾಕು ಓಡಾಟದಾಗ. ಚಲೋ ಕಾರ್ಡಿನ್ಯಾಗ ಬ್ಯಾಟರಿ ಇದ್ದ ಕ್ಯಾಶ್ ಮೆಮೊರಿ ಇರ್ತದ. ಬರದದ್ದನ್ನ ಅಲ್ಲಿ ಇಟ್ಕೊಂಡು ‘ಆತು’ ಅಂದುಬಿಡ್ತದ, ಆಮ್ಯಾಲ ನಿಧಾನ ಡಿಸ್ಕಿಗೆ ಇಳಸ್ತದ. ನಡುವ ಕರೆಂಟ್ ಹೋದ್ರೂ ಬ್ಯಾಟರಿ ಮ್ಯಾಲ ಡೇಟಾ ಉಳೀತದ. ಕಾರ್ಡಿಗೆ ರೊಕ್ಕ ಕೊಡಬೇಕಾದ್ದು ಇದಕ್ಕ. ನಿನ್ನ ಕೊಟೇಶನ್‌ದಾಗ ಬ್ಯಾಟರಿ ಅದ ಏನು?

ಶಿಷ್ಯೆ: ಅದು ಸತ್ತದಂತ್ರಿ, ‘ಅದಿಲ್ಲದನೂ ನಡೀತದ’ ಅಂದ.

ಮಾಸ್ತರ: ನಡೀತದ, ಆದ್ರ ಯಾವುದಕ್ಕ ಕಾರ್ಡ್ ಬೇಕಿತ್ತೋ ಅದನ್ನ ಬಿಟ್ಟು ನಡೀತದ. ಬ್ಯಾಟರಿ ಸತ್ರ ಕಾರ್ಡ್ ತಾನಾಗೇ ಬರಿಯೋ ಕ್ಯಾಶ್ ಬಂದ್ ಮಾಡ್ತದ. ಬಂದ್ ಮಾಡಬ್ಯಾಡಂತ ಜುಲುಮಿ ಮಾಡಿದ್ರ ಕರೆಂಟ್ ಹೋದ ದಿನ ಮದುವಿ ವಿಡಿಯೋ ಹೋತು. ಇನ್ನೊಂದು ಮಾತು, ಕಾರ್ಡೇ ಸುಟ್ರ? ನಾಕೂ ಡಿಸ್ಕ್ ಗಟ್ಟಿ ಇದ್ರೂ ಭಾಳ ಸಲ ಅದೇ ಜಾತಿಯ ಕಾರ್ಡ್ ಸಿಗೋತನಕ ಓದ್ಲಿಕ್ಕೆ ಬರಂಗಿಲ್ಲ. ಹೈದರಾಬಾದಿನ್ಯಾಗೋ ಬೆಂಗಳೂರಾಗೋ ಹುಡುಕಬೇಕು, ಅಷ್ಟರಾಗ ಬೀಗರು ನಿನ್ನ ಅಂಗಡಿ ಮುಂದ ಕುಂತಿರ್ತಾರ. ಲಿನಕ್ಸಿನ ಸಾಫ್ಟ್‌ವೇರ್ ರೇಡ್ ಆದ್ರ ಲೆಕ್ಕೆಲ್ಲಾ ಡಿಸ್ಕಿನ ಮ್ಯಾಲೇ ಬರದಿರ್ತದ, ಡಿಸ್ಕ್ ಕಿತ್ತಿ ಇನ್ಯಾವುದೋ ಲಿನಕ್ಸ್ ಮಷೀನಿಗೆ ಹಚ್ಚಿದ್ರ ಏಳ್ತದ.

ಶಿಷ್ಯೆ: ಮದರ್‌ಬೋರ್ಡಿನ ಬಯೋಸ್‌ದಾಗೇ ರೇಡ್ ಅಂತ ಇರ್ತದಲ್ರಿ?

ಮಾಸ್ತರ: ಅದರ ಹತ್ತರ ಲೆಕ್ಕ ಮಾಡೋ ಚಿಪ್ಪೂ ಇಲ್ಲ, ಬ್ಯಾಟರೀನೂ ಇಲ್ಲ. ಕೆಲಸ ಮಾಡೋದು ಡ್ರೈವರ್, ಅಂದ್ರ ನಿನ್ನ ಪ್ರೊಸೆಸರೇ. ಮ್ಯಾಲಿಂದ ಬೋರ್ಡ್ ಸುಟ್ರ ಕಾರ್ಡ್ ಸುಟ್ಟಂಥ ಗೋಳೂ ಬರಬಹುದು. ಎರಡೂ ಕಡಿಯ ಕೆಟ್ಟದ್ದನ್ನ ಕೂಡಿಸಿ ಕೊಟ್ಟಂಗ.

ಶಿಷ್ಯೆ: ನೀವು ಹೇಳಿದ್ದು ಕೇಳಿದ್ರ ಈಗ ಪ್ರೊಸೆಸರ್ ಇಷ್ಟ ಸಸ್ತಾ ಆಗ್ಯದ, ಹೊರಿಯ ವಿಚಾರನೇ ಬಿಡಬಹುದು ಅನಸ್ತದ.

ಮಾಸ್ತರ: ತಿರುಗೋ ಡಿಸ್ಕಿಗೆ ಬಿಡು. ಎನ್‌ವಿಎಂಇ ಎಸ್‌ಎಸ್‌ಡಿಗೆ ಬಿಡಬ್ಯಾಡ, ಅಲ್ಲಿ ಲೆಕ್ಕ ತಿರುಗಿಬಿದ್ದದ. ಡಿಸ್ಕಿನ 12,000 ಮೈಕ್ರೋಸೆಕೆಂಡಿನ್ಯಾಗ ಪ್ರೊಸೆಸರಿನ 10 ಮೈಕ್ರೋಸೆಕೆಂಡ್ ಯಾವ ಲೆಕ್ಕಕ್ಕೂ ಬರಂಗಿಲ್ಲ. ಎಸ್‌ಎಸ್‌ಡಿ ಓದಿ ಕೊಡೋದೇ 100 ಮೈಕ್ರೋಸೆಕೆಂಡ್ ಒಳಗ. ಅದರಾಗ 10 ಅಂದ್ರ ಹತ್ತರಾಗ ಒಂದು ಪಾಲು. ಸೆಕೆಂಡಿಗೆ 5 ಲಕ್ಷ ಬೇಡಿಕಿ ತೀರಿಸೋ ಡ್ರೈವ್ ಅದ, ಒಂದೊಂದಕ್ಕ ಪ್ರೊಸೆಸರಿಂದು 5 ಮೈಕ್ರೋಸೆಕೆಂಡ್ ಅಂತ ಹಿಡಿ. ಎಷ್ಟಾತು?

ಶಿಷ್ಯೆ: 25 ಲಕ್ಷ ಮೈಕ್ರೋಸೆಕೆಂಡ್… ಎರಡೂವರಿ ಸೆಕೆಂಡ್ ರಿ. ಒಂದು ಸೆಕೆಂಡಿನ್ಯಾಗ ಎರಡೂವರಿ ಸೆಕೆಂಡಿನ ಕೆಲಸ!

ಮಾಸ್ತರ: ಅಂದ್ರ ಎರಡೂವರಿ ಕೋರ್ ಬರೇ ಡ್ರೈವಿನ ಚಾಕರಿಗೆ. ಅದಕ್ಕೇ 2011ರ ಮಾರ್ಚದಾಗ ಬಂದ ಎನ್‌ವಿಎಂಇ ನಿಯಮಾವಳಿ ಸರದಿಯನ್ನೇ ಬದಲ ಮಾಡ್ತು. ಸಾಟಾದ ಎಎಚ್‌ಸಿಐದಾಗ ಒಂದು ಪೋರ್ಟಿಗೆ ಒಂದೇ ಸರದಿ, 32 ಬೇಡಿಕಿ. ಕೋರ್ ಎಷ್ಟ ಇದ್ರೂ ಎಲ್ಲಾ ಅಲ್ಲೇ ನೂಕಾಡಬೇಕು. ಎನ್‌ವಿಎಂಇದಾಗ 65,535 ಸರದಿ ತನಕ ಮಾಡಬಹುದು. ಒಂದೊಂದು ಕೋರಿಗೆ ಅದರದ್ದೇ ಸರದಿ, ಬೀಗದ ಗೊಡವಿ ಇಲ್ಲ. ಇನ್ನೂ ಒಂದು ತಮಾಷಿ ಹೇಳ್ತೀನಿ. ಭಾಳ ಜೋರಿನ ಡ್ರೈವಿಗೆ ಇಂಟರಪ್ಟೂ ದುಬಾರಿ ಆಗ್ತದಂತ ಕೆಲವು ಕಡಿ ಅದನ್ನೇ ಬಿಟ್ಟು, ಪ್ರೊಸೆಸರ್ ‘ಬಂತೇನು, ಬಂತೇನು’ ಅಂತ ತಾನೇ ಕೇಳ್ತಾ ನಿಲ್ತದ. ಅದಕ್ಕ ಪೋಲಿಂಗ್ ಅಂತಾರ.

ಶಿಷ್ಯೆ: ಮತ್ತ ಪಿಐಓ ಕಾಲದ ಚಾಳಿಗೇ ಬಂತಲ್ರಿ!

ಮಾಸ್ತರ: ಕಾಯೋದು ಅದೇ, ಕಾರಣ ಬ್ಯಾರೆ. ಆವಾಗ ಬ್ಯಾರೆ ದಾರಿ ಇಲ್ಲದ ಕಾಯ್ತಿತ್ತು, ಡೇಟಾನೂ ತಾನೇ ಹೊರ್ತಿತ್ತು. ಈಗ ಹೊರೋದು ಡಿಎಂಎ, ಕಾಯೋದು ಲೆಕ್ಕ ಹಾಕಿ. ಯಾವ ಪದ್ಧತೀನೂ ಹುಟ್ಟಾ ಒಳ್ಳೇದೂ ಅಲ್ಲ, ಕೆಟ್ಟದ್ದೂ ಅಲ್ಲ. ಪ್ರೊಸೆಸರ್ ಮತ್ತು ಡಿಸ್ಕ್, ಎರಡರಾಗ ಯಾವುದರ ಹೊತ್ತು ತುಟ್ಟಿ ಅನ್ನೋದರ ಮ್ಯಾಲ ತೀರ್ಪು ಬದಲಾಗ್ತದ.

ಶಿಷ್ಯೆ: ನನ್ನ ಸ್ಟುಡಿಯೋದಾಗ ಅದನ್ನ ಅಳಿಯೋದು ಹ್ಯಾಂಗ್ರಿ? ಕಾಪಿ ಹಾಕಿ ಟಾಸ್ಕ್ ಮ್ಯಾನೇಜರ್ ನೋಡಿದ್ರ ಸಾಕಾ?

ಮಾಸ್ತರ: ಮೂರು ಕಡಿ ಮೋಸ ಹೋಗ್ತಿ. ಒಂದು, ಮಷೀನಿಗೆ 16 ಗಿಗಾಬೈಟ್ ರ‍್ಯಾಮ್ ಇದ್ದು ನೀ 2 ಗಿಗಾಬೈಟ್ ಫೈಲ್ ಕಾಪಿ ಹಾಕಿದ್ರ, ನೀ ಅಳದದ್ದು ರ‍್ಯಾಮಿನ ವೇಗ. ಲಿನಕ್ಸಿನ ಎಚ್‌ಡಿಪಾರ್ಮ್‌ದಾಗ ಅದಕ್ಕೇ ಎರಡು ಪರೀಕ್ಷಾ ಇಟ್ಟಾರ: ದೊಡ್ಡ ಟಿ ಕೊಟ್ರ ಕ್ಯಾಶಿಂದು, ಸಣ್ಣ ಟಿ ಕೊಟ್ರ ಡಿಸ್ಕಿಂದು. ಎರಡು, ಪ್ರೊಸೆಸರ್ 25 ಪರ್ಸೆಂಟ್ ಅಂತ ತೋರಿಸಿದ್ರ ಆರಾಮ ಅದ ಅನಬ್ಯಾಡ. ನಾಕು ಕೋರಿನ ಮಷೀನಿನ್ಯಾಗ 25 ಅಂದ್ರ ಒಂದು ಕೋರ್ ಪೂರ್ತಿ ಸೋತು ಬಿದ್ದಿರಬಹುದು. ಮೂರು, ಲಿನಕ್ಸಿನ್ಯಾಗ ಐಓವೇಟ್ ಅಂತ ಕಾಣೋದು ಹೊರಿ ಅಲ್ಲ, ಡಿಸ್ಕಿನ ದಾರಿ ಕಾಯ್ತಾ ಖಾಲಿ ಕುಂತ ಹೊತ್ತು. ಬ್ಯಾರೆ ಕೆಲಸ ಬಂದ್ರ ಆ ಹೊತ್ತು ಅದಕ್ಕ ಸಿಗ್ತದ.

ಶಿಷ್ಯೆ: ಮತ್ತ ಖರೇ ಅಳತಿ ಯಾವುದ್ರಿ?

ಮಾಸ್ತರ: ನಿನ್ನ ಕೆಲಸನೇ ಅಳತಿ. ಒಂದು ಮದುವಿ ವಿಡಿಯೋ ಎಕ್ಸ್‌ಪೋರ್ಟಿಗೆ ಹಾಕು, ಎಷ್ಟು ಹೊತ್ತು ಹಿಡೀತು ಬರ್ಕೋ. ಅದೇ ಎಕ್ಸ್‌ಪೋರ್ಟ್ ಮತ್ತ ಹಾಕು, ಈ ಸಲ ಜೊತೀಗೆ ರ‍್ಯಾಮಿಗಿಂತ ದೊಡ್ಡ ಫೈಲ್ ಡಿಸ್ಕಿಗೆ ಕಾಪಿ ಬಿಡು. ಕಾಪಿಯ ವೇಗಾನೂ ಬರ್ಕೋ, ಎಕ್ಸ್‌ಪೋರ್ಟ್ ಎಷ್ಟು ತಡ ಆತು ಅದನ್ನೂ ಬರ್ಕೋ. ಕಾಪಿಗೂ ಎಕ್ಸ್‌ಪೋರ್ಟಿಗೂ ಒಂದೇ ಡಿಸ್ಕ್ ಕೊಡಬ್ಯಾಡ ಮತ್ತ, ಹೆಡ್ಡಿನ ಓಡಾಟ ಬಂದು ಲೆಕ್ಕ ಕೆಡಸ್ತದ. ಎರಡು ಕಂಟ್ರೋಲರ್ ಕಾಪಿದಾಗ ಸಮಾ ಬಂದ್ವು, ಎಕ್ಸ್‌ಪೋರ್ಟ್ ಒಂದರಾಗ 5 ಮಿನಿಟ್ ತಡ, ಇನ್ನೊಂದರಾಗ 15 ಮಿನಿಟ್ ತಡ ಅಂದ್ರ ಮುಗೀತಲ್ಲ, ಯಾವುದು ಒಳ್ಳೇದು ಅಂತ ಯಾರನ್ನೂ ಕೇಳಬೇಕಾಗಿಲ್ಲ.

ಶಿಷ್ಯೆ: ಇಷ್ಟೆಲ್ಲಾ ಕೇಳಿದ ಮ್ಯಾಲ ನಾ ಏನ್ ತಗೋಬೇಕು ಅದನ್ನ ಹೇಳಿಬಿಡ್ರಿ.

ಮಾಸ್ತರ: ಸಾದಾ ಮಷೀನ್ ತಗೋ. ಎಡಿಟಿಂಗಿಗೆ ಒಂದು ಎನ್‌ವಿಎಂಇ. ಮುಗದ ಕೆಲಸ ಇಡ್ಲಿಕ್ಕೆ ತಿರುಗೋ ಡಿಸ್ಕ್ ಎರಡು, ಸಾಫ್ಟ್‌ವೇರ್ ಮಿರರ್ ಮಾಡು, ರೇಡ್ 5ರ ಗೊಡವಿ ಬ್ಯಾಡ. ಮೂರನೇ ಡಿಸ್ಕಿಗೆ ವಾರಕ್ಕೊಮ್ಮೆ ಬ್ಯಾಕಪ್ ತಗದು ಮನ್ಯಾಗ ಇಡು, ಮಿರರ್ ಅಂದ್ರ ಬ್ಯಾಕಪ್ ಅಲ್ಲ. ನೀ ತಪ್ಪಿ ಡಿಲೀಟ್ ಮಾಡಿದ್ರ ಎರಡರಾಗಿಂದೂ ಕೂಡೇ ಹೋಗ್ತದ. ನಾಕನೇದು ತಗೋಬ್ಯಾಡ, ಆ ರೊಕ್ಕದಾಗ ಚಲೋ ಯುಪಿಎಸ್ ಬರ್ತದ.

ಶಿಷ್ಯೆ: ಹಂಗಾದ್ರ ರೇಡ್ ಕಾರ್ಡ್ ಯಾರಿಗೂ ಬ್ಯಾಡೇನ್ರಿ?

ಮಾಸ್ತರ: ಒಂದೇ ಡಬ್ಬ್ಯಾಗ ಹತ್ತಿಪ್ಪತ್ತು ಡಿಸ್ಕ್ ಹಚ್ಚವರಿಗೆ, ರಾತ್ರಿ ಹಗಲು ಸಣ್ಣ ಸಣ್ಣ ಬರವಣಿಗಿ ನಡಿಯೋ ಡೇಟಾಬೇಸ್ ಇದ್ದವರಿಗೆ, ಸುಟ್ರ ಬದಲಿ ಕಾರ್ಡ್ ಕಪಾಟಿನ್ಯಾಗ ಇಟ್ಟವರಿಗೆ ಬೇಕು. ಅವರು ಬ್ಯಾಟರಿಯ ವಯಸ್ಸು ಮೊದಲು ಕೇಳ್ತಾರ, ಮೆಗಾಬೈಟ್ ಆಮ್ಯಾಲ.

ಶಿಷ್ಯೆ: ನಾಳಿ ಅವನಿಗೆ ಹೇಳ್ತೀನ್ರಿ, ಚಾರ್ಟ್ ಬ್ಯಾಡ, ನನ್ನ ಎಕ್ಸ್‌ಪೋರ್ಟ್ ನಡದಾಗ ಕಾಪಿ ಹಾಕಿ ತೋರಿಸು ಅಂತ. ಒಪ್ಪದಿದ್ರ?

ಮಾಸ್ತರ: ಒಪ್ಪದಿದ್ರ ಅದೂ ಒಂದು ಉತ್ತರನೇ. ಪರೀಕ್ಷಾಕ್ಕ ಅಂಜೋ ಮಾಲಿಗೆ ರೊಕ್ಕ ಯಾಕ ಹಾಕ್ತಿ?